ಹೂಗತ್ತಿಗೆ ಬರಬೇಕಿದ್ದ ಪ್ರಶಸ್ತಿ

ಪ್ರಶಸ್ತಿ ಬರಲಿಲ್ಲ ಎಂಬ ಸುದ್ದಿ ಹೂಗತ್ತಿಗಿಂತ ಮೊದಲು ಅವನ ಕ್ಷೌರದಂಗಡಿಯ ಅಕ್ಕಪಕ್ಕದವರಿಗೆ ಗೊತ್ತಾಗಿತ್ತು. ಭಾನುವಾರ ಬೆಳಗ್ಗೆ ಎಂಟಕ್ಕೆ ಅವನು ಬಂದು ಶಟರ್ ಎತ್ತುವ ಹೊತ್ತಿಗೆ ಪಕ್ಕದ ಔಷಧಿ ಅಂಗಡಿಯವನು ಪೇಪರನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇರುಕಿಕೊಂಡು, ಸ್ವಂತ ಮಾವನೇ ತೀರಿಹೋದಂಥ ಮುಖ ಹೊತ್ತು ನಿಂತಿದ್ದ. ಅನ್ಯಾಯ, ಮಹಾ ಅನ್ಯಾಯ ಎಂದ. ಹೂಗತ್ತಿ ಹೌದಾ ಎಂದು ಒಳಗೆ ಹೋಗಿ, ನೆಲ ಗುಡಿಸಿ, ಎರಡೂ ಕನ್ನಡಿ ಒರೆಸಿ, ಬ್ರಶ್ಶುಗಳನ್ನು ಬಿಸಿನೀರಿಗೆ ಹಾಕಿ, ಆಮೇಲೆ ಹೊರಗೆ ಬಂದು ಏನು ಅನ್ಯಾಯ ಅಂತ ಕೇಳಿದ. ಅವನೇ ಹಾಗೆ. ಬೀದಿಗೆ ಬೆಂಕಿ ಬಿದ್ದರೂ ಮೊದಲು ಕನ್ನಡಿ ಒರೆಸುವ ಆಸಾಮಿ.

ವಿಷಯ ಇಷ್ಟೇ. ಆ ವರ್ಷದ ಸಿನಿಮಾಗಳಿಗೆ ಕೊಡುವ ದೊಡ್ಡ ಪ್ರಶಸ್ತಿಯ ಪಟ್ಟಿ ಬಂದಿತ್ತು. ಹೂಗತ್ತಿ ನಾಲ್ಕೂವರೆ ನಿಮಿಷ ಕಾಣಿಸಿಕೊಂಡಿದ್ದ ಸಿನಿಮಾದ ನಾಯಕನಿಗೆ ಅತ್ಯುತ್ತಮ ನಟ ಪ್ರಶಸ್ತಿ ಸಿಕ್ಕಿತ್ತು. ಅತ್ಯುತ್ತಮ ಪೋಷಕ ನಟ ಎಂಬ ಪ್ರಶಸ್ತಿ ಮಾತ್ರ ಇನ್ಯಾವುದೋ ಸಿನಿಮಾದಲ್ಲಿ ವಕೀಲನಾಗಿ ಎರಡು ಗಂಟೆ ಗಂಟಲು ಹರಿಯುವಂತೆ ಅರಚಿದವನ ಪಾಲಾಗಿತ್ತು. ಅರಚಿದ್ದಕ್ಕೆಲ್ಲ ಪ್ರಶಸ್ತಿ ಕೊಡುವುದಾದರೆ ನಮ್ಮ ಬಸ್ ಸ್ಟ್ಯಾಂಡಿನ ಮುಂದೆ ದಿನಕ್ಕೆ ಹತ್ತು ಜನಕ್ಕೆ ಕೊಡಬಹುದು ಎಂಬುದು ಔಷಧಿ ಅಂಗಡಿಯವನ ವಾದ. ಅವನು ಸಿನಿಮಾ ಹುಚ್ಚ. ಜ್ವರಕ್ಕೆ ಮಾತ್ರೆ ಕೇಳಲು ಬಂದವರಿಗೆ ಮಾತ್ರೆಯ ಜೊತೆ ಎರಡು ಸಿನಿಮಾದ ಕತೆಯನ್ನೂ ಕಟ್ಟಿಕೊಡುವವನು.

ಹೂಗತ್ತಿ ಅವನ ಹೆಸರಲ್ಲ. ಅವನ ಕತ್ತಿ ಗಲ್ಲದ ಮೇಲೆ ಆಡುವುದು ಗೊತ್ತೇ ಆಗುವುದಿಲ್ಲ, ಹೂವು ಸವರಿದ ಹಾಗಿರುತ್ತದೆ ಎಂದು ಯಾರೋ ಯಾವಾಗಲೋ ಅಂದದ್ದು ಅಂಟಿಕೊಂಡುಬಿಟ್ಟಿತ್ತು. ಅವನ ಕುರ್ಚಿಯ ಮೇಲೆ ಗೊರಕೆ ಹೊಡೆದವರು ಒಬ್ಬಿಬ್ಬರಲ್ಲ. ಐವತ್ತೆಂಟು ವರ್ಷದ ಮನುಷ್ಯ. ಎರಡು ಕುರ್ಚಿ, ನಾಲ್ಕು ಜನ ಕೂರುವ ಒಂದು ಬೆಂಚು, ಕತ್ತಿ ಮಸೆಯಲು ಗೋಡೆಗೆ ನೇತುಹಾಕಿದ ಚರ್ಮದ ಪಟ್ಟಿ, ಎಲ್ಲವೂ ಅವನಪ್ಪನ ಕಾಲದ್ದು. ಹೆಂಡತಿ ಎರಡು ಬೀದಿ ಆಚೆಯ ಬೇಕರಿಯಲ್ಲಿ ಕೆಲಸಕ್ಕಿದ್ದಳು. ಇಬ್ಬರ ಜೀವನ ಯಾರ ತಂಟೆಯೂ ಇಲ್ಲದೆ ಹಾಯಾಗಿ ಸಾಗಿತ್ತು. ಈ ಸಿನಿಮಾ ಬಂದು ನಡುವೆ ಕಲ್ಲು ಹಾಕಿತು ನೋಡಿ.

ಹಳೇ ಕ್ಷೌರದಂಗಡಿ ಬೇಕು ಅಂತ ಒಬ್ಬ ನಿರ್ದೇಶಕಿ ಹುಡುಕಿಕೊಂಡು ಬಂದಿದ್ದಳು. ಮಗಳ ವಯಸ್ಸಿನ ಹುಡುಗಿ. ಎರಡು ದಿನಕ್ಕೆ ಅಂಗಡಿ ಬಿಟ್ಟುಕೊಡಿ ಎಂದಳು, ಹೂಗತ್ತಿ ಬಿಟ್ಟುಕೊಟ್ಟ. ಸಿನಿಮಾದಲ್ಲಿ ಒಬ್ಬ ಮುದಿ ಕ್ಷೌರಿಕ ಬರುತ್ತಾನೆ, ಅವನ ಕೈ ನಡುಗುತ್ತದೆ, ನಾಯಕ ಅದನ್ನು ಗಮನಿಸಿಯೂ ಅವನ ಮನಸ್ಸು ನೋಯಬಾರದೆಂದು ಕಣ್ಣು ಮುಚ್ಚಿ ಕುತ್ತಿಗೆ ಒಡ್ಡುತ್ತಾನೆ. ಆ ಪಾತ್ರಕ್ಕೆ ನಾಟಕದ ಕಡೆಯ ದೊಡ್ಡ ನಟರೊಬ್ಬರು ಬಂದಿದ್ದರು. ಅವರು ಕತ್ತಿ ಹಿಡಿದ ಚಂದ ನೋಡಿದರೆ ಹೂಗತ್ತಿಗೇ ಬೆವರು ಬಂತು, ಕುತ್ತಿಗೆ ಒಡ್ಡಿದ್ದ ನಾಯಕನಿಗೆ ಕೇಳಬೇಕೇ. ಜೀವ ಬಾಯಿಗೆ ಬಂದು, ಇವರ ಕೈಗೆ ನಾನು ಕತ್ತು ಕೊಡುವುದಿಲ್ಲ, ಬೇಕಾದರೆ ಅಗೋ ಮೂಲೆಯಲ್ಲಿ ನಿಂತಿದ್ದಾರಲ್ಲ, ಆ ಅಂಗಡಿಯವರ ಕೈಗೆ ಕೊಡುತ್ತೇನೆ ಎಂದು ಹಟ ಹಿಡಿದ. ಹೀಗೆ ನಮ್ಮ ಹೂಗತ್ತಿ ನಟನಾದ.

ಕೈ ಸ್ವಲ್ಪ ನಡುಗಿಸಿ ಎಂದಳು ನಿರ್ದೇಶಕಿ. ಅವನು ನಡುಗಿಸಿದ. ಚಳಿಜ್ವರ ಬಂದವರ ಹಾಗಿದೆ ಅಂತ ಆಕೆ ನಕ್ಕಳು. ಹೂಗತ್ತಿಗೆ ನಾಚಿಕೆಯಾಯಿತು. ಕತ್ತಿ ನೋಡುತ್ತ ಮೆಲ್ಲಗೆ ಹೇಳಿದ:

"ಅಮ್ಮಾ, ಕೈ ನಡುಗೋರು ನಡುಗಿಸಿ ತೋರಿಸಲ್ಲ. ನಡುಗ್ತಾ ಇಲ್ಲ ಅಂತ ತೋರಿಸೋಕೆ ಒದ್ದಾಡ್ತಾರೆ. ನಾನು ಅದನ್ನ ಮಾಡ್ಲಾ?"

ಮಾಡಿದ. ಅವನಪ್ಪ ಕತ್ತಿ ಹಿಡಿದ ಕೊನೆಯ ದಿನಗಳನ್ನು ಅವನು ಕಣ್ಣಾರೆ ಕಂಡಿದ್ದನಲ್ಲ. ನೊರೆ ಸಾಕಷ್ಟಾದ ಮೇಲೂ ಬ್ರಶ್ಶು ತಿರುಗಿಸುತ್ತಲೇ ಇರುವುದು, ಒರೆಸಿದ ಕತ್ತಿಯನ್ನೇ ಮತ್ತೆ ಒರೆಸುವುದು, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ನಿಲ್ಲುವುದು, ಕತ್ತಿ ಎತ್ತುವ ಗಳಿಗೆಗೆ ಸರಿಯಾಗಿ ಬಿಸಿಲಿನದೋ ಮೋಡದ್ದೋ ಮಾತು ತೆಗೆದು ಗಿರಾಕಿಯ ಕಣ್ಣು ತನ್ನ ಬಾಯಿಯ ಮೇಲಿರುವ ಹಾಗೆ ನೋಡಿಕೊಳ್ಳುವುದು. ಇಷ್ಟೆಲ್ಲ ಮಾಡಿದರೂ ಕೊನೆಗೆ ಕತ್ತಿಯ ತುದಿಯೊಂದು ಮಾತ್ರ ಮಾತು ಕೇಳದೆ ಅದುರುವುದು. ನಾಲ್ಕೂವರೆ ನಿಮಿಷ ಕ್ಯಾಮೆರಾ ಓಡಿತು, ನಿಲ್ಲಿಸಿ ಎನ್ನುವುದನ್ನು ನಿರ್ದೇಶಕಿ ಮರೆತೇಬಿಟ್ಟಳು. ನಾಯಕನ ಮುಚ್ಚಿದ ಕಣ್ಣಿಂದ ನೀರಿಳಿಯಿತು. ಅದೇ ಕಣ್ಣೀರಿಗೆ ಅವನಿಗೆ ಪ್ರಶಸ್ತಿ ಬಂದದ್ದು.

ಸಿನಿಮಾ ಬಂದಾಗ ಬೀದಿಗೆ ಬೀದಿಯೇ ಹೋಗಿ ನೋಡಿತು. ಕತ್ತಲಲ್ಲಿ ಹೆಂಡತಿ ಗಂಡನ ಬಲಗೈಯನ್ನು ತಡವಿ ಹಿಡಿದುಕೊಂಡಳು. ಅಷ್ಟು ಗಟ್ಟಿಯಾದ ಕೈಯನ್ನು ಮೂವತ್ತು ವರ್ಷದಿಂದ ಬಲ್ಲವಳು, ಆದರೂ ಪರೀಕ್ಷೆ ಮಾಡಬೇಕೆನಿಸಿತು. ಮನೆ ತಲುಪುವವರೆಗೂ ಬಿಡಲಿಲ್ಲ. ಮನೆಯಲ್ಲಿ ಒಂದು ಸಣ್ಣ ಸುಳ್ಳು ಹೇಳಲು ಬಾರದೆ ಕಿವಿ ಕೆಂಪಗೆ ಮಾಡಿಕೊಳ್ಳುವ ಗಂಡಸು ಇಷ್ಟು ದೊಡ್ಡ ಸುಳ್ಳನ್ನು ಹೇಗೆ ಹೇಳಿದಿರಿ ಅಂತ ರೇಗಿಸಿದಳು. ಹೂಗತ್ತಿಗೆ ಖುಷಿಯೋ ಖುಷಿ. ಅದು ಒಂದು ವಾರ ನಿಂತಿತು.

ಮುಂದಿನ ಭಾನುವಾರ ಬೆಂಚು ತುಂಬಿತ್ತು, ಜನ ಬಾಗಿಲವರೆಗೆ ನಿಂತಿದ್ದರು. ಎಲ್ಲರಿಗೂ ಮಾತು ಬೇಕಿತ್ತು, ಕಟಿಂಗ್ ಬೇಕಿತ್ತು, ಗಡ್ಡ ಮಾತ್ರ ಯಾರಿಗೂ ಬೇಕಿರಲಿಲ್ಲ. ಗಡ್ಡ ಮುಂದಿನ ವಾರ ನೋಡೋಣ ಎಂದ ಒಬ್ಬ. ಮನೆಯಲ್ಲೇ ಮಾಡಿಕೊಂಡೆ ಎಂದ ಇನ್ನೊಬ್ಬ, ಮುಖದ ಮೇಲೆ ಎರಡು ದಿನದ ಬೆಳೆ ಹೊತ್ತುಕೊಂಡು. ಅವರೆಲ್ಲ ಎದುರು ಸಾಲಿನ ಹೊಸ ಸಲೂನಿನಿಂದ ನುಣ್ಣಗೆ ಹೊರಬರುವುದನ್ನು ಹೂಗತ್ತಿ ತನ್ನದೇ ಕನ್ನಡಿಯಲ್ಲಿ ನೋಡಿದ. ಎದುರಿನವರು ಅವನಿಗೆ ನಡುಗತ್ತಿ ಅಂತ ಹೆಸರೂ ಇಟ್ಟರು. ಒಂದು ದಿನ ರೋಸಿಹೋಗಿ, ಅಂಗೈ ಮೇಲೆ ತುಂಬಿದ ನೀರಿನ ಲೋಟ ಇಟ್ಟು ಎಲ್ಲರೆದುರು ಕೈ ಚಾಚಿ ನಿಂತ. ಹನಿ ನೀರು ಚೆಲ್ಲಲಿಲ್ಲ. ಜನ ನಡುಗುತ್ತಿಲ್ಲ ಅಂತ ತೋರಿಸಲು ಎಷ್ಟು ಒದ್ದಾಡುತ್ತಾನೆ, ಅಯ್ಯೋ ಪಾಪ ಎಂಬಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಸಂಜೆ ಔಷಧಿ ಅಂಗಡಿಗೆ ಇಬ್ಬರು ಹೋಗಿ, ನಮ್ಮ ದೊಡ್ಡಪ್ಪನಿಗೂ ಕೈ ನಡುಗುತ್ತದೆ, ಹೂಗತ್ತಿಗೆ ಕೊಡುತ್ತಿರುವ ಮಾತ್ರೆಯನ್ನೇ ಕೊಡಿ ಎಂದು ಕೇಳಿದರಂತೆ.

ಇದನ್ನೆಲ್ಲ ಹೂಗತ್ತಿ ಹೇಗೋ ನುಂಗಿಕೊಂಡ. ನುಂಗಲಾಗದೆ ಗಂಟಲಲ್ಲಿ ಸಿಕ್ಕಿಹಾಕಿಕೊಂಡದ್ದು ಮೇಷ್ಟ್ರ ಗಡ್ಡ.

ಮೇಷ್ಟ್ರು ಎಂದರೆ ಲೆಕ್ಕದ ಮೇಷ್ಟ್ರು, ಕೆಲಸದಿಂದ ನಿವೃತ್ತರಾಗಿ ಹದಿನಾಲ್ಕು ವರ್ಷ. ಹೂಗತ್ತಿಗೆ ಏಳನೇ ಕ್ಲಾಸಿನಲ್ಲಿ ಭಿನ್ನರಾಶಿ ಕಲಿಸಿದವರು, ಕಲಿಸಿದ್ದು ಹತ್ತಲಿಲ್ಲ, ಅದು ಬೇರೆ ಮಾತು. ಅವನಪ್ಪನ ಕಾಲದಿಂದಲೂ ಭಾನುವಾರ ಒಂಬತ್ತಕ್ಕೆ ಬಂದು ಬಲಗಡೆಯ ಕುರ್ಚಿಯಲ್ಲಿ ಕೂತು ಗಡ್ಡ ಮಾಡಿಸಿಕೊಂಡು ಹೋಗುವವರು. ಹೂಗತ್ತಿ ಅಪ್ಪನ ಕತ್ತಿ ಕೈಗೆ ತೆಗೆದುಕೊಂಡಾಗ ಮೊದಲು ಕೂತ ಗಿರಾಕಿಯೂ ಅವರೇ. ಸಿನಿಮಾ ನೋಡಿದ ಮರುವಾರವೂ ಒಂಬತ್ತಕ್ಕೆ ಸರಿಯಾಗಿ ಬಂದರು, ಆದರೆ ಕುರ್ಚಿಗೆ ಹೋಗದೆ ಬೆಂಚಿನ ಮೇಲೆ ಕೂತರು. ಚರ್ಮಕ್ಕೆ ಸ್ವಲ್ಪ ವಿಶ್ರಾಂತಿ ಕೊಡುತ್ತಿದ್ದೇನೆ ಎಂದರು. ಮೂರು ತಿಂಗಳಾಯಿತು, ವಿಶ್ರಾಂತಿ ಮುಗಿಯಲಿಲ್ಲ. ಬೆಳ್ಳಗೆ ಗುಂಗುರು ಗುಂಗುರಾಗಿ ಗಡ್ಡ ಎದೆಗಿಳಿಯಲು ಹೊರಟಿತ್ತು, ಅದರಲ್ಲಿ ಬಿಸ್ಕತ್ತಿನ ಪುಡಿ ಸಿಕ್ಕಿಕೊಳ್ಳುತ್ತಿತ್ತು. ಎದುರು ಸಲೂನಿಗೆ ಮಾತ್ರ ಕಾಲಿಡಲಿಲ್ಲ. ಹೂಗತ್ತಿಗೆ ಅರ್ಥವಾಗಿತ್ತು: ತನ್ನ ಕೈಗೆ ಹೆದರಿದ್ದಾರೆ, ತನ್ನನ್ನು ಬಿಟ್ಟು ಬೇರೆಡೆ ಹೋಗಲೂ ಮನಸ್ಸಿಲ್ಲ. ಪ್ರಶಸ್ತಿ ಬಂದರೆಷ್ಟು ಬಿಟ್ಟರೆಷ್ಟು, ಆ ಗಡ್ಡ ತನ್ನ ಕತ್ತಿಗೆ ಬಂದರೆ ಸಾಕು ಅಂತ ಅವನು ಹೆಂಡತಿಯ ಹತ್ತಿರ ಎಷ್ಟೋ ಸಲ ಅಂದಿದ್ದ. ಮೇಷ್ಟ್ರು ಕೂತರೆ ಬೀದಿಯೂ ಕೂರುತ್ತದೆ ಎಂಬ ಲೆಕ್ಕಾಚಾರ ಅದರಲ್ಲಿ ಇಲ್ಲದಿರಲಿಲ್ಲ, ಆದರೆ ಅದಕ್ಕಿಂತ ಹೆಚ್ಚಾಗಿ ಅವರು ಬೆಂಚಿನ ಮೇಲೆ ಕೂತು ಕುರ್ಚಿಯತ್ತ ನೋಡದೆ ಇರುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ.

ಅದರ ಮೇಲೆ ಈ ಪ್ರಶಸ್ತಿಯ ಜಗಳ. ಹೂಗತ್ತಿಗೆ ಪ್ರಶಸ್ತಿ ಬರಲೇಬೇಕು ಅಂತ ಔಷಧಿ ಅಂಗಡಿಯವನು, ಬರಬಾರದು ಅಂತ ಮೇಷ್ಟ್ರು, ವಾರಗಟ್ಟಲೆ ಕಾಲು ಕೆರೆದು ಕಾದಾಡಿದ್ದರು. ನಾಯಕ ಮಾಡಿದ್ದು ಕಣ್ಣು ಮುಚ್ಚಿದ್ದೊಂದೇ, ಅವನನ್ನು ಅಳಿಸಿದ್ದು ಹೂಗತ್ತಿಯ ಕೈ, ಪೋಷಕ ಎಂದರೆ ಮತ್ತೇನು ಅರ್ಥ ಅಂತ ಇವನು. ನಾಲ್ಕೂವರೆ ನಿಮಿಷಕ್ಕೆಲ್ಲ ಪ್ರಶಸ್ತಿ ಕೊಟ್ಟರೆ ಎರಡು ಗಂಟೆ ದುಡಿದವನ ಗತಿಯೇನು, ನಾನು ಗಡಿಯಾರ ಹಿಡಿದು ನೋಡಿದ್ದೇನೆ ಅಂತ ಅವರು. ನಿಮಿಷ ಲೆಕ್ಕ ಹಾಕುವುದಕ್ಕೆ ಇದೇನು ಬಾಡಿಗೆ ಸೈಕಲ್ಲೇ ಅಂತ ಇವನು. ಕ್ಷೌರದವನು ಕ್ಷೌರದವನ ಪಾತ್ರ ಮಾಡಿದರೆ ಅದರಲ್ಲಿ ನಟನೆ ಎಲ್ಲಿ ಬಂತು ಅಂತ ಅವರು. ಹೂಗತ್ತಿ ನಡುವೆ ನಿಂತು ಯಾರದೋ ಕಿವಿ ಪಕ್ಕದ ಕೂದಲು ಸರಿಮಾಡುತ್ತಿದ್ದ. ತನ್ನ ಕೈಯ ಮೇಲೆ ಭಯವಿರುವವರು ತನ್ನ ನಟನೆಯನ್ನು ಒಪ್ಪಿಕೊಳ್ಳುವುದಾದರೂ ಹೇಗೆ ಅಂತ ಒಳಗೊಳಗೇ ಅಂದುಕೊಳ್ಳುತ್ತಿದ್ದ.

ಈ ಭಾನುವಾರ ಔಷಧಿ ಅಂಗಡಿಯವನ ಹತ್ತಿರ ಇನ್ನೂ ಒಂದು ಸುದ್ದಿಯಿತ್ತು. ಪೇಪರಿನ ಮೂಲೆಯಲ್ಲಿ ತೀರ್ಪುಗಾರರಲ್ಲಿ ಒಬ್ಬರ ಮಾತು ಹಾಕಿದ್ದರು. ಹೂಗತ್ತಿಯ ಹೆಂಡತಿ ರಜೆಯ ದಿನವಾದ್ದರಿಂದ ಫ್ಲಾಸ್ಕಿನಲ್ಲಿ ಟೀ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಿದ್ದಳು. ಒಂಬತ್ತು ಹೊಡೆಯುವಾಗ ಮೇಷ್ಟ್ರೂ ಗಡ್ಡ ಸವರಿಕೊಳ್ಳುತ್ತ ಬಂದು ಬೆಂಚಿನ ಮೇಲೆ ಕೂತರು. ಎಲ್ಲರೂ ನೆರೆದರೆಂದು ಖಾತ್ರಿಯಾದ ಮೇಲೆ ಔಷಧಿ ಅಂಗಡಿಯವನು ಗಂಟಲು ಸರಿಮಾಡಿಕೊಂಡು ಓದಿದ. ಆ ಕ್ಷೌರಿಕನ ದೃಶ್ಯ ನಮ್ಮೆಲ್ಲರ ಮನಸ್ಸನ್ನು ತಟ್ಟಿತು, ಆದರೆ ವಿಚಾರಿಸಿದಾಗ ಅವರು ನಿಜವಾದ ಕ್ಷೌರಿಕರೆಂದು ತಿಳಿಯಿತು, ಒಬ್ಬ ಹಿರಿಯರ ಅನಾರೋಗ್ಯವನ್ನು ಅಭಿನಯವೆಂದು ಪರಿಗಣಿಸುವುದು ಸರಿಯಲ್ಲ ಎನಿಸಿತು ಎಂದಿದ್ದರು ತೀರ್ಪುಗಾರರು.

ಹೂಗತ್ತಿಯ ಹೆಂಡತಿ ಫ್ಲಾಸ್ಕು ಕೆಳಗಿಟ್ಟು ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಹಾಳಾದ ಸಿನಿಮಾ ಹೊಟ್ಟೆಗೂ ಕಲ್ಲು ಹಾಕಿತು, ಸನ್ಮಾನದ ಹಾರಕ್ಕೂ ಕಲ್ಲು ಹಾಕಿತು ಎಂದಳು. ಔಷಧಿ ಅಂಗಡಿಯವನಿಗೆ ಆವೇಶ ಬಂದಿತ್ತು. ಈಗಿಂದೀಗಲೇ ಬೀದಿಯಲ್ಲಿ ಬಲೂನಿಗೆ ನೊರೆ ಹಚ್ಚಿ ಕತ್ತಿ ಆಡಿಸಿ ತೋರಿಸಬೇಕು, ಒಡೆಯದಿದ್ದರೆ ಫೋಟೋ ತೆಗೆದು ಪೇಪರಿಗೆ ಕಳಿಸುತ್ತೇನೆ ಎಂದ. ಬಲೂನಿನ ಪರೀಕ್ಷೆ ಹದಿನಾರನೇ ವಯಸ್ಸಿಗೇ ಪಾಸು ಮಾಡಿದ್ದೇನೆ, ಈಗ ಮತ್ತೆ ಬರೆಯುವುದಿಲ್ಲ ಎಂದ ಹೂಗತ್ತಿ. ಬಲೂನು ಯಾಕೆ, ನಿಮ್ಮ ಮುಖವೇ ಇದೆಯಲ್ಲ, ಕೂತುಕೊಳ್ಳಿ ಎಂದಳು ಹೆಂಡತಿ. ಔಷಧಿ ಅಂಗಡಿಯವನ ಕೈ ತಾನಾಗಿ ಗಲ್ಲಕ್ಕೆ ಹೋಯಿತು. ಮೂರು ತಿಂಗಳಿಂದ ಹೂಗತ್ತಿಯ ಪರವಾಗಿ ಗಂಟಲು ಹರಿದುಕೊಂಡ ಆ ಮಹಾನುಭಾವ ಇವತ್ತು ಬೇಡ, ಮುಖದ ಮೇಲೆ ಗುಳ್ಳೆಯಾಗಿದೆ ಎಂದ. ಗುಳ್ಳೆ ಯಾರ ಕಣ್ಣಿಗೂ ಬೀಳಲಿಲ್ಲ.

ಮೇಷ್ಟ್ರು ಪೇಪರು ಇಸಿದುಕೊಂಡು ಕನ್ನಡಕ ಏರಿಸಿ ತಾವೇ ಇನ್ನೊಮ್ಮೆ ಓದಿದರು. ತೀರ್ಪುಗಾರನಿಗೆ ತಲೆ ಇಲ್ಲ ಎಂದರು. ಹಾಗಾದರೆ ಪ್ರಶಸ್ತಿ ಕೊಡಬೇಕಿತ್ತು ಅಂತ ಒಪ್ಪಿದಿರಾ ಎಂದು ಔಷಧಿ ಅಂಗಡಿಯವನು ಎಗರಿದ. ಮೇಷ್ಟ್ರು ಇಲ್ಲವೆಂದು ತಲೆಯಾಡಿಸಿದರು.

"ಕೊಡಬಾರದಿತ್ತು. ಇವನು ಕಾಯಿಲೆಯವನು ಅಂತಲ್ಲ. ಅದು ಇವನ ಕೈಯೇ ಅಲ್ಲ, ಇವನಪ್ಪನ ಕೈ. ಎಲ್ಲಾ ಅವರದ್ದೇ. ಮೊಣಕೈ ಒತ್ತಿಕೊಳ್ಳೋದು, ಬಿಸಿಲು ಜಾಸ್ತಿ ಅನ್ನೋದು. ಸತ್ತವರನ್ನ ಎಬ್ಬಿಸಿ ತಂದು ನಿಲ್ಲಿಸಿದರೆ ಅದಕ್ಕೆ ನಟನೆ ಅಂತಾರೇನಯ್ಯಾ?"

ಹೂಗತ್ತಿ ಕತ್ತಿ ಒರೆಸುತ್ತಿದ್ದವನು ನಿಲ್ಲಿಸಿದ. ಅವನ ತಲೆ ಭಿನ್ನರಾಶಿಗೆ ಒಗ್ಗದಿದ್ದರೂ ಈ ಲೆಕ್ಕ ತಕ್ಷಣ ಹೊಳೆಯಿತು.

"ಹಾಗಾದ್ರೆ ನನ್ನ ಕೈ ಗಟ್ಟಿ ಇದೆ ಅಂತ ನಿಮಗೆ ಮೊದಲಿಂದ ಗೊತ್ತಿತ್ತು," ಎಂದ. "ಮತ್ತೆ ಗಡ್ಡ ಯಾಕೆ ಬಿಟ್ರಿ ಮೇಷ್ಟ್ರೇ?"

ಮೇಷ್ಟ್ರು ಪೇಪರನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟರು. ನಿಧಾನವಾಗಿ, ಕ್ಲಾಸಿನಲ್ಲಿ ತಪ್ಪು ಲೆಕ್ಕವನ್ನು ಬೋರ್ಡಿನ ಮೇಲೆ ಒಪ್ಪಿಕೊಳ್ಳುವವರಂತೆ ಹೇಳಿದರು. ಮೂವತ್ತಮೂರು ವರ್ಷದ ಹಿಂದೆ ಒಂದು ಭಾನುವಾರ ಅವನಪ್ಪ ಬಲಗೆನ್ನೆ ಮುಗಿಸಿ ಎಡಗೆನ್ನೆಗೆ ಬರುವಾಗ ಕತ್ತಿಯ ತುದಿ ಅದುರಿದ್ದನ್ನು ಅವರು ಕನ್ನಡಿಯಲ್ಲಿ ಕಂಡಿದ್ದರು. ಹೆದರಿಕೆಯಾಯಿತು. ಏನೋ ಜ್ಞಾಪಕ ಬಂತು ಅಂತ ಸುಳ್ಳು ಹೇಳಿ, ಹೊದಿಸಿದ್ದ ಬಿಳಿ ಬಟ್ಟೆಯನ್ನು ತಾವೇ ಕಿತ್ತು, ಅರ್ಧ ಮುಖದ ನೊರೆಯನ್ನು ಕರ್ಚೀಫಿನಲ್ಲಿ ಒರೆಸಿಕೊಳ್ಳುತ್ತ ಎದ್ದು ಹೋದರು. ಉಳಿದರ್ಧ ಗಡ್ಡವನ್ನು ಮನೆಯಲ್ಲಿ ತಾವೇ ಕೆರೆದುಕೊಂಡರು. ಮುಂದಿನ ಭಾನುವಾರ ಬಂದರೆ ಕುರ್ಚಿಯ ಪಕ್ಕ ಮಗ ನಿಂತಿದ್ದ, ಅಪ್ಪ ಬೆಂಚಿನ ಮೇಲಿದ್ದರು. ಬನ್ನಿ ಮೇಷ್ಟ್ರೇ, ಇನ್ನು ಮೇಲೆ ಇವನೇ, ನನಗೆ ಬೇಜಾರಾಗಿಬಿಟ್ಟಿದೆ ಅಂತ ನಕ್ಕರಂತೆ.

"ಸಿನಿಮಾದಲ್ಲಿ ಆ ಹೀರೋ ಏಳಲಿಲ್ಲ ನೋಡು," ಎಂದರು ಮೇಷ್ಟ್ರು. "ನಾನು ಎದ್ದಿದ್ದೆ. ಅದನ್ನ ನೋಡಿದ ಮೇಲೆ ಆ ಕುರ್ಚಿ ಮೇಲೆ ಕೂರೋಕೆ ನನಗೆ ಮುಖ ಇರಲಿಲ್ಲಪ್ಪ."

ಹೂಗತ್ತಿಗೆ ಮೊದಲು ಬಂದದ್ದು ಸಿಟ್ಟು. ಅಪ್ಪ ಕೆಲಸ ಸಾಕೆಂದು ತಾನೇ ನೆಮ್ಮದಿಯಾಗಿ ಬಿಟ್ಟುಕೊಟ್ಟ ಅಂತ ಇಷ್ಟು ವರ್ಷ ನಂಬಿದ್ದ, ಹೆಮ್ಮೆಯಿಂದ ಹತ್ತು ಜನಕ್ಕೆ ಹೇಳಿದ್ದ. ಆ ಬೆಂಚಿನ ಮೇಲೆ ಕೂತು ಆರು ವರ್ಷ ನಗುನಗುತ್ತ ಹರಟೆ ಹೊಡೆದ ಅಪ್ಪ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಕೈ ನಡುಗುವುದನ್ನು ಬಚ್ಚಿಟ್ಟಂತೆ ಇದನ್ನೂ ಬಚ್ಚಿಟ್ಟಿದ್ದ. ಬಾಯಿಗೆ ಬಂದದ್ದನ್ನು ಅಂದುಬಿಡಬೇಕು ಅಂತ ಹೂಗತ್ತಿ ತಿರುಗಿದ. ತಿರುಗಿದರೆ ಬೆಂಚಿನ ತುದಿಯಲ್ಲಿ ಎಪ್ಪತ್ತೆರಡು ವರ್ಷದ ಮನುಷ್ಯ ಮೊಣಕಾಲ ಮೇಲೆ ಕೈಯಿಟ್ಟುಕೊಂಡು, ತನಗೆ ತಾನೇ ಕೊಟ್ಟುಕೊಂಡ ಮೂರು ತಿಂಗಳ ಶಿಕ್ಷೆಯನ್ನು ಗಲ್ಲದಿಂದ ಇಳಿಬಿಟ್ಟುಕೊಂಡು ಕೂತಿದ್ದರು. ಅವರನ್ನು ನೋಡಿ ಹೂಗತ್ತಿಗೆ ಅಯ್ಯೋ ಅನಿಸಿತು. ತನ್ನ ಅಪ್ಪನನ್ನು ಇಷ್ಟು ನೆನಪಿಟ್ಟುಕೊಂಡವರು ಈ ಬೀದಿಯಲ್ಲಿ ಇವರೊಬ್ಬರೇ ಎಂದೂ ಅನಿಸಿತು.

ಕುರ್ಚಿಯನ್ನು ಅವರ ಕಡೆ ತಿರುಗಿಸಿ, ಬಟ್ಟೆ ಕೊಡವಿ, ಏಳಿ ಎಂದ. ಮೇಷ್ಟ್ರು ಎದ್ದು ಬಂದು ಕೂತರು.

ಮೊದಲು ಕತ್ತರಿಯಿಂದ ಉದ್ದದ ಗಡ್ಡ ಇಳಿಸಿದ. ಬಿಸಿನೀರಿನ ಟವಲು ಒತ್ತಿ, ನೊರೆ ಹಚ್ಚಿದ. ಹಚ್ಚುತ್ತ ಹಚ್ಚುತ್ತ ನೊರೆ ಸಾಕಾಯಿತು, ಆದರೂ ಬ್ರಶ್ಶು ಕೆಳಗಿಡಲಾಗಲಿಲ್ಲ. ಕತ್ತಿ ಎತ್ತಿದಾಗ ಗೊತ್ತಾಯಿತು: ಹದಿನಾರನೇ ವಯಸ್ಸಿನಿಂದ ಒಂದು ದಿನವೂ ಅದುರದ ಕೈ ಅದುರುತ್ತಿದೆ. ಕ್ಯಾಮೆರಾ ಇಲ್ಲ, ನಿರ್ದೇಶಕಿ ಇಲ್ಲ, ಯಾರೂ ನಡುಗಿಸು ಅಂದಿಲ್ಲ. ಅವನು ಕತ್ತಿ ಒರೆಸಿ ನೋಡಿದ, ಪಟ್ಟಿಯ ಮೇಲೆ ಎರಡು ಸಲ ಎಳೆದು ನೋಡಿದ. ನಿಲ್ಲಲಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು ಆ ಕೈಯನ್ನು ನೋಡಿದಳು, ಇದು ನಟನೆಯಲ್ಲ ಎಂದು ಅವಳಿಗೆ ಗೊತ್ತಾಗಿ ಮುಖ ಸಪ್ಪಗಾಯಿತು.

ಔಷಧಿ ಅಂಗಡಿಯವನಿಗೆ ಮಾತ್ರ ಖುಷಿ ತಡೆಯಲಾಗಲಿಲ್ಲ. ಇಬ್ಬರು ದಾರಿಹೋಕರನ್ನು ಕರೆದು, ನೋಡಿ, ಮತ್ತೆ ಅದನ್ನೇ ಮಾಡಿ ತೋರಿಸುತ್ತಿದ್ದಾನೆ, ಬೇಕೆಂದಾಗ ಬರುತ್ತದೆ ಬೇಡವೆಂದಾಗ ಹೋಗುತ್ತದೆ, ಇದನ್ನು ನಟನೆ ಎನ್ನದೆ ಏನನ್ನಬೇಕು ಎಂದು ಬಾಗಿಲಲ್ಲಿ ನಿಂತು ಸಾರಿದ. ಅವರೂ ಹೌದು ಹೌದೆಂದು ತಲೆಯಾಡಿಸಿದರು. ಇದನ್ನು ಕೇಳಿದ ಇನ್ನೊಬ್ಬ ಬಂದು, ತನ್ನ ಗಡ್ಡಕ್ಕೆ ಎಷ್ಟು ಹೊತ್ತಾಗುತ್ತದೆ ಎಂದು ಕೇಳಿ ಬೆಂಚಿನ ಮೇಲೆ ಕೂತ.

ಮೇಷ್ಟ್ರು ಕನ್ನಡಿಯಲ್ಲಿ ಎಲ್ಲವನ್ನೂ ನೋಡುತ್ತಿದ್ದರು, ಕತ್ತಿಯ ತುದಿಯನ್ನೂ. ಕಣ್ಣು ಮುಚ್ಚಲಿಲ್ಲ. ನೊರೆಯ ನಡುವಿನಿಂದ, ಔಷಧಿ ಅಂಗಡಿಯವನಿಗೆ ಕೇಳುವಷ್ಟು ಜೋರಾಗಿ, ಇವನಿಗೆ ಪ್ರಶಸ್ತಿ ಬರಬೇಕಿತ್ತು, ನಾನು ಸೋತೆ ಎಂದರು. ಆಮೇಲೆ ಹೂಗತ್ತಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು:

"ಸಾವಕಾಶವಾಗಿ ಮಾಡಪ್ಪ. ಎಷ್ಟು ಹೊತ್ತಾದರೂ ನಾನು ಏಳೋದಿಲ್ಲ."

ಹೂಗತ್ತಿ ಈ ವರ್ಷ ಬಿಸಿಲು ಸ್ವಲ್ಪ ಜಾಸ್ತಿ ಎಂದ. ಹೌದು ಜಾಸ್ತಿ ಎಂದರು ಮೇಷ್ಟ್ರು. ಅವನು ಬಲಗೆನ್ನೆ ಮುಗಿಸಿ ಎಡಗೆನ್ನೆಗೆ ಬಂದ.